ಮಂಡಿ ಕೆಳಗಿನ ಲಾಡಿ

ಕೇಳುಗರಿಗೆ ನಮಸ್ಕಾರ.

ಶಾಲೆಗೆ ಹೋಗುವಾಗ ಕಾಲುಚೀಲ ಜಾರುತ್ತಿತ್ತು, ನೆನಪಿದೆಯಾ? ಪ್ರಾರ್ಥನೆಗೆ ನಿಲ್ಲುವಷ್ಟರಲ್ಲಿ ಎರಡೂ ಬೂಟಿನ ಮೇಲೆ ಸುರುಳಿ ಸುತ್ತಿ ಬಿದ್ದಿರುತ್ತಿದ್ದವು. ಪಿ.ಟಿ. ಮೇಷ್ಟ್ರಿಗೆ ಹೆದರಿ ನಾವು ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆವು. ಸಂಜೆ ಬಿಚ್ಚಿದರೆ ಕಾಲ ಸುತ್ತ ಕೆಂಪು ಬಳೆ ತೊಟ್ಟ ಹಾಗೆ ಗುರುತು. ತುರಿಸಿಕೊಂಡಷ್ಟೂ ಸುಖ!

ಇದೇ ತಾಪತ್ರಯ ಸ್ಕಾಟ್ಲೆಂಡಿನ ಗಂಡಸರಿಗೂ ಇದೆ ಅಂತ ನನಗೆ ಗೊತ್ತಾಗಿದ್ದು ಗ್ಲಾಸ್ಗೋದಲ್ಲಿ, ಮಗಳ ಮನೆಯಲ್ಲಿದ್ದಾಗ. ಪಕ್ಕದ ಮನೆಯ ಯಜಮಾನರು ಪೈಪ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವರು. ಜನವರಿ 29ರಂದು ದೆಹಲಿಯಲ್ಲಿ ನಮ್ಮ ಸೈನ್ಯದವರು ಬೀಟಿಂಗ್ ರಿಟ್ರೀಟಿನಲ್ಲಿ ಊದುತ್ತಾರಲ್ಲ, ಆ ಬ್ಯಾಗ್‌ಪೈಪಿಗೆ ಹೆಸರಾದ ನಾಡು ಅದು. ಪ್ರತಿ ಆಗಸ್ಟಿನಲ್ಲಿ ಗ್ಲಾಸ್ಗೋ ಗ್ರೀನ್ ಎಂಬ ಮೈದಾನದಲ್ಲಿ ಪೈಪ್ ಬ್ಯಾಂಡುಗಳ ವಿಶ್ವ ಸ್ಪರ್ಧೆ ನಡೆಯುತ್ತದೆ. ಅದಕ್ಕೆ ಹದಿನೈದು ದಿನ ಇರುವಾಗ ಮಗಳು ಬಂದು, "ಅಮ್ಮಾ, ಅವರಿಗೆ ಏನೋ ಹೊಲಿಗೆ ಕೆಲಸ ಇದೆಯಂತೆ, ನೋಡ್ತೀಯಾ?" ಎಂದಳು. ಪ್ಯಾಂಟಿನ ಜಿಪ್ಪು ಇರಬೇಕು ಅಂದುಕೊಂಡು ಹೋದೆ. ಅವರು ಮೇಜಿನ ಮೇಲೆ ಇಟ್ಟಿದ್ದು ಸತ್ತ ಹಾವಿನಂತೆ ಜೋತುಬಿದ್ದಿದ್ದ ಎರಡು ಎಲಾಸ್ಟಿಕ್ ಪಟ್ಟಿ. ಕಾಲುಚೀಲ ಜಾರದಂತೆ ಹಾಕುವ ಗಾರ್ಟರ್.

ಆ ಬ್ಯಾಂಡಿನವರು ತೊಡುವುದು ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರ ಮಂಡಿಯವರೆಗೆ ಬರುವ ನೆರಿಗೆಯ ಉಡುಪು. ಅದರ ಕೆಳಗೆ ಮಂಡಿ ಮಾತ್ರ ಬರಿದು. ಅಲ್ಲಿಂದ ಕೆಳಗೆ ದಪ್ಪ ಉಣ್ಣೆಯ ಉದ್ದ ಕಾಲುಚೀಲ, ಅದನ್ನು ಅಲ್ಲಿ ಹೋಸ್ ಅನ್ನುತ್ತಾರೆ. ಅದರ ಮೇಲ್ತುದಿಯನ್ನು ಹೊರಗೆ ಮಡಿಸಿ ಬಿಡುತ್ತಾರೆ. ಆ ಮಡಿಕೆಯ ಒಳಗೆ ಯಾರ ಕಣ್ಣಿಗೂ ಬೀಳದ ಹಾಗೆ ಕಾಲನ್ನು ಸುತ್ತಿರುವುದು ಗಾರ್ಟರ್. ಮಡಿಕೆಯ ಕೆಳಗಿನಿಂದ ಎರಡಂಗುಲ ಬಣ್ಣದ ಬಾಲ ಎರಡು ಇಣುಕುತ್ತವೆ. ಅವು ಫ್ಲ್ಯಾಶ್. ಕೆಂಪು, ಹಸಿರು, ನೀಲಿ, ಅಥವಾ ಕಿಲ್ಟಿನದೇ ಚೌಕಳಿ ಬಟ್ಟೆ. ಬಲಗಾಲಿನ ಹೋಸ್ ಒಳಗೆ ಕೆಲವರು ಸ್ಕೀಯನ್ ಡೂ ಎಂಬ ಪುಟ್ಟ ಚಾಕು ಸಿಕ್ಕಿಸುತ್ತಾರೆ. ಅದು ಕೆಳಗೆ ಜಾರದಂತೆ ಹಿಡಿಯುವುದೂ ಇದೇ ಗಾರ್ಟರ್.

ಇದು ನಿಲ್ಲುವುದು ಹೇಗೆ? ನಿಮ್ಮ ಕಾಲನ್ನೇ ಮುಟ್ಟಿ ನೋಡಿ. ಮಂಡಿಚಿಪ್ಪಿನ ಕೆಳಗೆ ಮೂರು ನಾಲ್ಕು ಬೆರಳು ಜಾಗ ಸಣ್ಣಗಿದೆ. ಅದರ ಕೆಳಗೆ ಮೀನಖಂಡ ಉಬ್ಬಿದೆ. ಬಾವಿಯಿಂದ ನೀರು ಸೇದುವಾಗ ಹಗ್ಗ ಕಟ್ಟುವುದು ಕೊಡದ ಕುತ್ತಿಗೆಗೆ ತಾನೇ? ಇಲ್ಲೂ ಅಷ್ಟೇ. ಆ ಕುತ್ತಿಗೆಯಲ್ಲಿ ಪಟ್ಟಿ ಕೂತರೆ ಬಿಗಿ ಜಾಸ್ತಿ ಬೇಕಿಲ್ಲ. ಉಬ್ಬಿನ ಮೇಲೆ ಕಟ್ಟಿದರೆ ಎಷ್ಟು ಬಿಗಿದರೂ ಜಾರುತ್ತದೆ. ನಾವು ಶಾಲೆಯಲ್ಲಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದುದು ಸರಿಯಾಗಿ ಆ ಉಬ್ಬಿನ ಮೇಲೆ. ದಡ್ಡರು ನಾವು.

ಹಳೆಯ ಕಾಲದಲ್ಲಿ ಹೋಸ್ ಹೆಣೆದದ್ದಲ್ಲ. ಚೌಕಳಿ ಬಟ್ಟೆಯನ್ನೇ ಕತ್ತರಿಸಿ ಹೊಲಿಯುತ್ತಿದ್ದರು. ಅದೂ ಕ್ರಾಸ್ ಕಟ್. ಬ್ಲೌಸ್ ಹೊಲಿಯುವವರಿಗೆ ನಾನು ಹೇಳಬೇಕಾಗಿಲ್ಲ, ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಎಳೆದಾಗ ಹಿಗ್ಗುತ್ತದೆ, ಮೈಗೆ ಕೂರುತ್ತದೆ. ಆದರೆ ಮತ್ತೆ ಬಿಗಿಯುವುದಿಲ್ಲವಲ್ಲ! ಅದಕ್ಕೇ ಗಾರ್ಟರ್ ಬೇಕೇ ಬೇಕಾಗಿತ್ತು. ಎಲಾಸ್ಟಿಕ್ ಇಲ್ಲದ ದಿನಗಳು. ಒಂದಂಗುಲ ಅಗಲದ ನೇಯ್ದ ಉಣ್ಣೆ ಪಟ್ಟಿ, ಒಂದು ಗಜಕ್ಕಿಂತ ಸ್ವಲ್ಪ ಉದ್ದ. ನಮ್ಮ ಪೈಜಾಮದ ಲಾಡಿಯ ಅಕ್ಕ ಅನ್ನಿ. ಕಾಲಿಗೆ ಸುತ್ತಿ, ಟೈ ಕಟ್ಟಿದ ಹಾಗೆ ಒಂದು ಗಂಟು ಹಾಕಿ, ಎರಡು ತುದಿಯನ್ನು ಹೊರಮಗ್ಗುಲಿಗೆ ಇಳಿಬಿಡುತ್ತಿದ್ದರು.

ಈಗ ನೋಡಿ ತಮಾಷೆ. ಅಂಗಡಿಯಲ್ಲಿ ಸಿಗುವ ಫ್ಲ್ಯಾಶ್ ಆ ಗಂಟಿನ ಬಾಲದ ನಕಲು. ಗಂಟು ಹೋಗಿದೆ, ಬಾಲ ಉಳಿದಿದೆ. ಎಲಾಸ್ಟಿಕ್ಕಿಗೆ ಎರಡು ತುಂಡು ರಿಬ್ಬನ್ ಹೊಲಿದು, ವೆಲ್ಕ್ರೋ ಅಂಟಿಸಿ, ಮಾರುತ್ತಾರೆ. ಈ ಬಾಲಕ್ಕೂ ಒಂದು ಕಾಲದಲ್ಲಿ ಜೈಲು ಇತ್ತು. ಕಲೋಡನ್ ಯುದ್ಧದಲ್ಲಿ ಸ್ಟೂವರ್ಟ್ ರಾಜವಂಶದ ಪರವಾಗಿ ದಂಗೆ ಎದ್ದವರು ಸೋತ ಮೇಲೆ, 1746ರಲ್ಲಿ ಲಂಡನ್ನಿನ ಸಂಸತ್ತು ಒಂದು ಕಾಯ್ದೆ ತಂದಿತು. ಸ್ಕಾಟ್ಲೆಂಡಿನ ಗಂಡಸರು, ಹುಡುಗರು ಕಿಲ್ಟ್ ಆಗಲಿ, ಆ ಉಡುಪಿನ ಯಾವುದೇ ಭಾಗವಾಗಲಿ ತೊಡುವಂತಿಲ್ಲ. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯ್ತಿ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. ಆ ಕಾಯ್ದೆ ರದ್ದಾಗಿದ್ದು 1782ರಲ್ಲಿ.

ಸರಿ, ಯಜಮಾನರ ಕಾಲಿಗೆ ಬರೋಣ.

ಎಲಾಸ್ಟಿಕ್ ಒಂದಂಗುಲ ಅಗಲದ್ದು ತಂದೆ. ಸಣ್ಣದಾದರೆ ಚರ್ಮ ಕೊರೆಯುತ್ತದೆ. ಅವರ ಬರಿಗಾಲಿನ ಅಳತೆ ತೆಗೆದೆ, ಒಂದೂವರೆ ಅಂಗುಲ ಕಳೆದು ಕತ್ತರಿಸಿದೆ. ಅಲ್ಲೇ ಎಡವಟ್ಟಾಗಿದ್ದು. ಹೋಸ್ ದಪ್ಪ ಉಣ್ಣೆ. ಅದರ ಮೇಲೆ ಹಾಕಿಕೊಂಡಾಗ ಅವರ ಮುಖ ಒಂಥರಾ ಆಯಿತು. ಅರ್ಧ ಗಂಟೆ ಬಿಟ್ಟು ಬಿಚ್ಚಿದರೆ ಅದೇ ಶಾಲೆಯ ಕೆಂಪು ಬಳೆ! ಅಳತೆಯನ್ನು ಹೋಸ್ ತೊಟ್ಟ ಮೇಲೇ ತೆಗೆಯಬೇಕು. ಒಂದಂಗುಲಕ್ಕಿಂತ ಜಾಸ್ತಿ ಕಳೆಯಬಾರದು.

ವೆಲ್ಕ್ರೋ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅದರ ಮುಳ್ಳಿನ ಕಡೆ ಉಣ್ಣೆಗೆ ತಾಗಿದರೆ ಎಳೆ ಕಿತ್ತು ಬರುತ್ತದೆ. ಅವರ ಹಳೆಯ ಹೋಸ್ ನೋಡಿದೆ, ಮಡಿಕೆಯ ಒಳಗೆಲ್ಲಾ ಬೆಕ್ಕು ಪರಚಿದ ಹಾಗೆ ನೂಲು ಎದ್ದಿತ್ತು. ನಾನು ಪ್ಯಾಂಟಿಗೆ ಹಾಕುವ ಚಪ್ಪಟೆ ಹುಕ್ಕನ್ನೇ ಹೊಲಿದೆ. ಎದುರು ತುದಿಯಲ್ಲಿ ಅರ್ಧ ಅರ್ಧ ಅಂಗುಲಕ್ಕೆ ಒಂದರಂತೆ ಮೂರು ಕೊಂಡಿ. ಒಗೆದು ಒಗೆದು ಎಲಾಸ್ಟಿಕ್ ಸಡಿಲವಾದರೆ ಮುಂದಿನ ಕೊಂಡಿಗೆ ಹಾಕಿಕೊಂಡರಾಯಿತು.

ಇನ್ನು ಬಾಲ. ಪದಕ ನೇತುಹಾಕಲು ಅಡ್ಡಗೆರೆಯ ಗಟ್ಟಿ ರಿಬ್ಬನ್ ಬಳಸುತ್ತಾರಲ್ಲ, ಆ ಥರದ್ದು, ಕೆಂಪು. ಹೊಳೆಯುವ ಸ್ಯಾಟಿನ್ ಬೇಡ. ಅದು ಮುದುಡಿ ಮಗುವಿನ ಜಡೆಯ ಟೇಪಿನ ಹಾಗೆ ಕಾಣುತ್ತದೆ. ಪ್ರತಿ ಕಾಲಿಗೆ ಸುಮಾರು ಹನ್ನೆರಡು ಅಂಗುಲ. ಅದನ್ನು ಮಧ್ಯಕ್ಕೆ ಸರಿಯಾಗಿ ಮಡಿಸಬಾರದು. ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಅಂಗುಲ ಉದ್ದ ಬಿಟ್ಟು, ಸ್ವಲ್ಪ ಓರೆಯಾಗಿ ಮಡಿಸಿದರೆ ಎರಡೂ ಬಾಲ ಬೇರೆ ಬೇರೆ ಕಾಣುತ್ತವೆ. ಮಡಿಕೆಯಿಂದ ಒಂದೂಕಾಲು ಅಂಗುಲ ಕೆಳಗೆ ಅಡ್ಡ ಹೊಲಿಗೆ ಹಾಕಿದರೆ ಎಲಾಸ್ಟಿಕ್ ತೂರಿಸಲು ಗೂಡು ಆಯಿತು. ತುದಿಗೆ ಹಾವಿನ ನಾಲಿಗೆಯಂತೆ ಸೀಳು ಕತ್ತರಿಸಿ, ನೂಲು ಬಿಡದಂತೆ ಬಣ್ಣವಿಲ್ಲದ ಉಗುರುಬಣ್ಣ ತೆಳ್ಳಗೆ ಸವರಿದೆ. ಮಗಳದು. ಕೇಳಲಿಲ್ಲ.

ಮೊದಲ ಜೋಡಿಯಲ್ಲಿ ಇನ್ನೊಂದು ತಪ್ಪು. ಎರಡಕ್ಕೂ ಉದ್ದದ ಬಾಲವನ್ನು ಒಂದೇ ಮಗ್ಗುಲಿಗೆ ಮಡಿಸಿ ಹೊಲಿದುಬಿಟ್ಟಿದ್ದೆ. ಎಡಗಾಲಿನದು ಮುಂದಕ್ಕೆ ವಾಲಿದರೆ ಬಲಗಾಲಿನದು ಹಿಂದಕ್ಕೆ. ಎರಡೂ ಎಡಗಾಲಿನ ಚಪ್ಪಲಿ ಕೊಂಡು ತಂದ ಹಾಗೆ! ಬ್ಲೌಸಿನ ತೋಳು ಎಷ್ಟೋ ಜೋಡಿ ಹೊಲಿದವಳು ನಾನು. ಬಿಚ್ಚಿ ಮತ್ತೆ ಹೊಲಿದೆ.

ಅಷ್ಟಾದ ಮೇಲೆ ಯಜಮಾನರು ಒಳಗೆ ಹೋಗಿ ಒಂದು ಡಬ್ಬಿ ತಂದರು. ಅವರ ತಾತನ ಗಾರ್ಟರ್. ಕೆಂಪು ಹಸಿರು ಉಣ್ಣೆ, ಮೀನಿನ ಮುಳ್ಳಿನಂತೆ ನೇಯ್ಗೆ. ಒಂದೆರಡು ಕಡೆ ನುಸಿ ತಿಂದಿತ್ತು. ಗಂಟು ಕಟ್ಟಿ ತೋರಿಸಿದರು. ಒಂದು ಸುತ್ತು, ಮೇಲಿಂದ ಒಳಗೆ, ಒಂದು ಎಳೆತ. ಕಾಲು ಒದರಿದರು, ಕುಣಿದರು, ಅದು ಅಲ್ಲಾಡಲಿಲ್ಲ. ಉಣ್ಣೆಗೆ ಉಣ್ಣೆ ಕಚ್ಚಿಕೊಳ್ಳುತ್ತದೆ, ಎಲಾಸ್ಟಿಕ್ಕಿಗೆ ಆ ಗುಣ ಇಲ್ಲ. ನಾನು ಎರಡು ದಿನ ಒದ್ದಾಡಿದ್ದು ಯಾಕೆ ಅಂತ ಒಂದು ಕ್ಷಣ ಅನ್ನಿಸಿತು. "ಹಾಗಾದರೆ ಇದನ್ನೇ ಯಾಕೆ ಕಟ್ಟಿಕೊಳ್ಳಲ್ಲ?" ಅಂತ ಮಗಳ ಕೈಲಿ ಕೇಳಿಸಿದೆ. ಬ್ಯಾಂಡಿನಲ್ಲಿ ಎಲ್ಲರ ಫ್ಲ್ಯಾಶೂ ಒಂದೇ ಥರ ಇರಬೇಕಂತೆ.

ಇಂಥ ಪಟ್ಟಿ ಮನೆಯಲ್ಲೇ ಮಾಡಿಕೊಳ್ಳಬಹುದು. ನೇಯಲು ಬಾರದಿದ್ದರೆ ಹೆಣೆಯಬಹುದು. ಕಡ್ಡಿ ಹಿಡಿದವರು ಮೊದಲು ಕಲಿಯುವ ಹೆಣಿಗೆ, ಎಲ್ಲ ಸಾಲೂ ಸೀದಾ, ಅದರ ಹೆಸರೇ ಗಾರ್ಟರ್ ಸ್ಟಿಚ್. ಅದು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕೂಡಿಕೊಳ್ಳುತ್ತದೆ. ಸಣ್ಣ ಕಡ್ಡಿ, ಸಣ್ಣ ಉಣ್ಣೆ, ಹತ್ತು ಹನ್ನೆರಡು ಮನೆ, ಅಂದರೆ ಕಡ್ಡಿಯ ಮೇಲಿನ ಕುಣಿಕೆ, ಹಾಕಿದರೆ ಅಂಗುಲದಗಲ ಬರುತ್ತದೆ. ನಾನೂ ಒಂದು ಹೆಣೆದೆ, ಕೆಂಪು ಉಣ್ಣೆಯಲ್ಲಿ, ಒಂದೂಕಾಲು ಗಜ. ಎರಡನೆಯದು ಮುಗಿಯುವ ಮೊದಲೇ ವಾಪಸು ಹೊರಡುವ ದಿನ ಬಂತು.

ಸ್ಪರ್ಧೆಯ ದಿನ ಗ್ಲಾಸ್ಗೋದ ಮಳೆ ಬಂದೇ ಬಂತು. ನೆನೆದ ಉಣ್ಣೆ ಭಾರ, ಬೇಗ ಜಾರುತ್ತದೆ. ನಾನು ಸಂಗೀತ ಕೇಳಲಿಲ್ಲ, ಅವರ ಮೀನಖಂಡ ನೋಡುತ್ತಾ ನಿಂತಿದ್ದೆ. ಎರಡನೇ ಕೊಂಡಿಯಲ್ಲಿ ನಿಂತಿತು.

ಆ ಒಂಟಿ ಗಾರ್ಟರ್ ನನ್ನ ಜೊತೆ ಊರಿಗೆ ಬಂತು. ಒಂದು ಕಾಲಿಗೆ ಕಟ್ಟಿಕೊಂಡು ಏನು ಮಾಡುವುದು? ಲಂಗಕ್ಕೆ ಲಾಡಿ ಮಾಡಿ ಏರಿಸಿದ್ದೇನೆ. ಗಂಟು ಬಿಚ್ಚಿಹೋಗುವುದಿಲ್ಲ, ಅದು ನಿಜ. ಆದರೆ ಸೆಕೆಗಾಲದಲ್ಲಿ ಉಣ್ಣೆ ಬಲು ಚುಚ್ಚುತ್ತದೆ.

ನಮಸ್ಕಾರ.