ಕಮೊಡೋರ್ 64 ಡೆಮೊ: 714 ದೊಡ್ಡದೋ, 666 ದೊಡ್ಡದೋ? ದಾಖಲೆ ಪಟ್ಟಿ ಬರೆಯೋ ಲೆಕ್ಕ

[ತೆರೆ: ಇಳಕಲ್ ಮಗ್ಗ, ಲಾಳಿ ಓಡೋದು ಹತ್ತಿರದಿಂದ]

ಲಾಳಿ ಒಂದ್ಸಲ ಓಡಿದ್ರ ಒಂದು ಅಡ್ಡ ಎಳಿ. ಹಳೆ ಟಿವಿಯಾಗ ಚಿತ್ರ ಮೂಡೋದೂ ಹಂಗ ನೋಡ್ರಿ, ಗೆರಿ ಗೆರಿಯಾಗಿ. ಲಾಳಿ ಹೋಗಿ ವಾಪಸ್ ಬರ್ತೈತಿ, ಟಿವಿ ಕಿರಣ ಮಾತ್ರ ಎಡದಿಂದ ಬಲಕ್ಕಷ್ಟ ಬರೀತೈತಿ. 1982ರ ಕಮೊಡೋರ್ 64 ಕಂಪ್ಯೂಟರ್, ಪಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಮಾದರಿ ಇದ್ರ, ಫ್ರೇಮಿಗೆ, ಅಂದ್ರ ಒಂದು ಪೂರ್ತಿ ಚಿತ್ರಕ್ಕ, 312 ಗೆರಿ, ಗೆರಿಗೆ 63 ಸೈಕಲ್ (ಪ್ರೊಸೆಸರಿನ ಬಡಿತ). ಗುಣಿಸಿದ್ರ 19,656. ಸೆಕೆಂಡಿಗೆ ಇಂಥಾ ಸುಮಾರು 50 ಫ್ರೇಮ್. ಡೆಮೊ, ಅಂದ್ರ ಮಷೀನಿನ ತಾಕತ್ತು ತೋರಿಸೋ ಚಿತ್ರ-ಹಾಡಿನ ಪ್ರೋಗ್ರಾಂ, ಬರೆಯೋರ ದಾಖಲೆ, ಪೈಪೋಟಿ, ಜಗಳ ಎಲ್ಲಾ ಈ 19,656ರ ಒಳಗ.

‘ನಮ್ಮ ಡೆಮೊದಾಗ ಇಷ್ಟು ಚುಕ್ಕಿ ಕುಣೀತಾವ’ ಅಂತ ಯಾರರ ಅಂದ್ರ ಆ ಅಂಕಿ ಹಂಗ ದಾಖಲೆ ಪಟ್ಟಿಗೆ ಹಾಕಬ್ಯಾಡ್ರಿ. ಮೊದಲ ಲೆಕ್ಕ ಬಿಡಿಸ್ರಿ.

[ತೆರೆ: ಕರಿ ಹಲಗಿ, ಸೀಮೆಸುಣ್ಣ]

ಪರದೆ ಚಾಲೂ ಇದ್ರ, ಚಿತ್ರದ ಭಾಗದಾಗ ಪ್ರತಿ 8 ಗೆರಿಗೊಮ್ಮೆ ವಿಡಿಯೋ ಚಿಪ್ ಅಕ್ಷರದ ಮಾಹಿತಿ ಓದಾಕ ಪ್ರೊಸೆಸರನ್ನ 40ರಿಂದ 43 ಸೈಕಲ್ ನಿಲ್ಲಿಸ್ತೈತಿ. ಇದಕ್ಕ ಬ್ಯಾಡ್‌ಲೈನ್ ಅಂತಾರ. ಫ್ರೇಮಿಗೆ 25 ಬ್ಯಾಡ್‌ಲೈನ್. 43ರಂಗ ಹಿಡಿದ್ರ 1,075 ಹೋತು, ಉಳಿದದ್ದು 18,581. ಒಂದು ಚುಕ್ಕಿ ಇಡಾಕ 22 ಸೈಕಲ್ ಅಂತ ಹಿಡೀರಿ. ಹಳೆ ಚುಕ್ಕಿ ಒರೆಸಾಕ ಒಂದು ಎಸ್‌ಟಿಎ (ಮೆಮೊರಿಗೆ ಬರೆಯೋ ಸೂಚನೆ), 4 ಸೈಕಲ್. ಒಟ್ಟು 26. ಭಾಗಿಸಿದ್ರ 714 ಚುಕ್ಕಿ. ಈಗ ಹಾಡು ಸೇರಿಸ್ರಿ: 20 ಗೆರಿ ತಿನ್ನೋ ಮ್ಯೂಸಿಕ್ ರೂಟೀನ್ ಅಂದ್ರ 1,260 ಸೈಕಲ್. ಉಳಿದದ್ದು 666 ಚುಕ್ಕಿ. ಅದೇ ಕೋಡ್, ಅದೇ ಮಷೀನ್. ಬರೇ ಅಂಕಿ ಬರೆದ್ರ 666 ಸೋತಂಗ ಕಾಣ್ತೈತಿ, ಪಾಪ ಅದು ಹಾಡೂ ನುಡಿಸೈತಿ!

ಅದಕ್ಕ ನಮೂದಿನಾಗ ಅಂಕಿಗಿಂತ ಷರತ್ತಿಗೆ ಹೆಚ್ಚು ಜಾಗ ಬೇಕು. ಹಾಡು ಐತೋ ಇಲ್ಲೋ. ಚುಕ್ಕಿ ಪ್ರತಿ ಫ್ರೇಮ್ ಸರೀತಾವೋ, ಎರಡು ಫ್ರೇಮಿಗೊಮ್ಮೆಯೋ. ಎರಡಕ್ಕೊಮ್ಮೆ ಅಂದ್ರ ಅದು 25 ಹರ್ಟ್ಜ್ (ಸೆಕೆಂಡಿಗೆ 25 ಸಲ), ಬ್ಯಾರೆ ಪಟ್ಟಿಗೆ ಹೋಗ್ಲಿ. ಚುಕ್ಕಿಯ ಜಾಗ ಆಗಿಂದಾಗ ಎಣಿಸಿದ್ದೋ, ಮೊದಲ ಎಣಿಸಿ ಮೆಮೊರಿಯಾಗ ತುಂಬಿದ್ದೋ. ಅರ್ಧ ಚುಕ್ಕಿ ಎಣಿಸಿ ಉಳಿದರ್ಧ ಕನ್ನಡಿ ಬಿಂಬದಂಗ ತಿರುಗಿಸಿದ್ದೋ; ಅತಿ ಹೆಚ್ಚು ಮೋಸ ಹೋಗೋದು ಇಲ್ಲೇ. ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಮಷೀನಿನಾಗ 263 ಗೆರಿ, ಗೆರಿಗೆ 65 ಸೈಕಲ್, ಫ್ರೇಮಿಗೆ 17,095 ಅಷ್ಟ. ಅದನ್ನ ಪಾಲ್ ಜೋಡಿ ಕೂಡಿಸಬ್ಯಾಡ್ರಿ.

[ತೆರೆ: ದಡಿಯಾಗ ಬಣ್ಣದ ಪಟ್ಟಿ]

ಅಳೆಯೋದು ಹೆಂಗ? ಪರದೆಯ ಸುತ್ತಲಿನ ದಡಿಯ ಬಣ್ಣ ವಿಡಿಯೋ ಚಿಪ್ಪಿನ ಡಿ020 ಅನ್ನೋ ರಿಜಿಸ್ಟರಿನಾಗ (ಅಂಕಿ ಇಡೋ ಖಾನೆ) ಇರ್ತೈತಿ. ನಿಮ್ಮ ರೂಟೀನ್ (ಕೋಡಿನ ತುಂಡು) ಶುರುವಿಗೆ ಐಎನ್‌ಸಿ ಡಿ020 (ಒಂದು ಏರಿಸೋದು), ಮುಗಿದ ಮ್ಯಾಲೆ ಡಿಇಸಿ ಡಿ020 (ಒಂದು ಇಳಿಸೋದು). ಬಣ್ಣದ ಪಟ್ಟಿ ಎಷ್ಟು ಗೆರಿ, ಖರ್ಚು ಅಷ್ಟು. ಈ ಎರಡೂ ಸೂಚನೆ ತಲಾ 6 ಸೈಕಲ್ ತಿಂತಾವ, ಕಳೀರಿ. ಬ್ಯಾರೆಯವರ ಡೆಮೊ ಆದ್ರ ವೈಸ್ ಎಮ್ಯುಲೇಟರಿನ (ಹಳೆ ಮಷೀನಿನ ನಕಲು ಮಾಡೋ ಪ್ರೋಗ್ರಾಂ) ಕೋಡ್ ಪರೀಕ್ಷಿಸೋ ಮಾನಿಟರಿನಾಗ ರೂಟೀನ್ ಶುರು ಮತ್ತ ಕೊನಿಗೆ ತಡೆ ಹಾಕಿ ನಡುವಿನ ಸೈಕಲ್ ಎಣಿಸ್ರಿ. ಲೆಕ್ಕಕ್ಕಿಂತ ಹೆಚ್ಚು ಬಂದ್ರ ಟೇಬಲ್ (ಮೆಮೊರಿಯಾಗ ತುಂಬಿಟ್ಟ ಅಂಕಿಗಳ ಪಟ್ಟಿ) ನೋಡ್ರಿ. ಓದೋ ಟೇಬಲ್ 256 ಬೈಟಿನ ಪುಟದ ಗಡಿ ದಾಟಿದ್ರ ದಾಟಿದಾಗೊಮ್ಮೆ ಒಂದು ಸೈಕಲ್ ಹೆಚ್ಚು. 700 ಚುಕ್ಕಿಗೆ ಒಂದೊಂದರಂಗ ಹೋದ್ರ 11 ಗೆರಿ ಗೋತಾ.

ದಡಿ ತೆಗೆಯೋ, ಅಂದ್ರ ಆ ಜಾಗದಾಗೂ ಚಿತ್ರ ತೋರಿಸೋ, ದಾಖಲೆ ಇನ್ನೂ ಬಿಗಿ. ಒಂದು ಗೆರಿಯಾಗ 8 ಸ್ಪ್ರೈಟ್ (ಚಿಪ್ ತಾನ ಸರಿಸೋ ಸಣ್ಣ ಚಿತ್ರ) ಇದ್ರ 19 ಸೈಕಲ್ ಅವಕ್ಕ, ಪ್ರೊಸೆಸರಿಗೆ ಉಳಿಯೋದು 44. ಎಡಬಲದ ದಡಿ ತೆಗೆಯಾಕ ಡಿ016 ರಿಜಿಸ್ಟರಿನ ಒಂದು ಬಿಟ್ಟನ್ನ (0 ಇಲ್ಲಾ 1) ಪ್ರತಿ ಗೆರಿಯಾಗ ಅದೇ ಸೈಕಲ್ಲಿಗೆ ತಿರುವಬೇಕು. ಒಂದು ಸೈಕಲ್ ತಪ್ಪಿದ್ರ ಆ ಗೆರಿಯಾಗ ದಡಿ ಮುಚ್ಚಿಬಿಡ್ತೈತಿ. ಬ್ಯಾಡ್‌ಲೈನ್ ಬಂದ್ರಂತೂ ಜಾಗ ಇಲ್ಲ, ಅದಕ್ಕ ಡಿ011 ರಿಜಿಸ್ಟರ್ ತಿದ್ದಿ ಬ್ಯಾಡ್‌ಲೈನನ್ನ ಮುಂದೂಡ್ತಾರ. ಇಂಥಾ ನಮೂದಿನಾಗ ‘ದಡಿ ತೆಗೆದೈತಿ’ ಅಂದ್ರ ಸಾಲದು. ಎಷ್ಟು ಗೆರಿ, ಎಷ್ಟು ಸ್ಪ್ರೈಟ್, ಎರಡೂ ಬೇಕು.

ಎಮ್ಯುಲೇಟರಿನ ಸಾಕ್ಷಿ ಒಂದನ್ನ ನಂಬಬ್ಯಾಡ್ರಿ. ಡಿ011 ಆಡಿಸಿ ಪರದೆಯನ್ನ ಪಕ್ಕಕ್ಕ ಸರಿಸೋ ವಿಎಸ್‌ಪಿ ಉಪಾಯ ಕೆಲವು ಮಷೀನಿನಾಗ ಮೆಮೊರಿ ಕೆಡಿಸಿ ಡೆಮೊ ನಿಲ್ಲಿಸ್ತೈತಿ. ಅದಕ್ಕ ವಿಡಿಯೋ ಚಿಪ್ 6569ಓ 8565ಓ ಅಂತ ನಮೂದಿನಾಗ ಬರೀರಿ. ಉಲ್ಟಾನೂ ಐತಿ: 2015ರ 8088 ಎಂಪಿಎಚ್ ಡೆಮೊ ಖರೇ ಐಬಿಎಂ ಪಿಸಿ, ಅದರ ಸಿಜಿಎ ಚಿತ್ರ ಕಾರ್ಡಿನಿಂದ ಟಿವಿಗೆ ಹೋಗೋ ಕಾಂಪೊಸಿಟ್ ತಂತಿಯೊಳಗ 1,024 ಬಣ್ಣ ತೋರಿಸ್ತು, ಆಗಿನ ಎಮ್ಯುಲೇಟರ್‌ಗಳು ಅಲ್ಲೇ ಕೈ ಎತ್ತಿದ್ವು.

ಬೆಳಗಾವಿ ಗುಜರಿಯಾಗ ಸಿಗೋ ಹಳೆ ಸಿಆರ್‌ಟಿ ಟಿವಿ ಪಾಲ್ ಇರ್ತೈತಿ, ಇದಕ್ಕ ಬರೋಬ್ಬರಿ. ಮಷೀನಿನ ಮೂಲ ಪವರ್ ಸಪ್ಲೈ ಮಾತ್ರ ಹಚ್ಚೋ ಮೊದಲ ಮಲ್ಟಿಮೀಟರ್ ಹಿಡೀರಿ. 5 ವೋಲ್ಟಿನ ಪಿನ್ 5.25 ದಾಟಿದ್ರ ಹಚ್ಚಬ್ಯಾಡ್ರಿ, ಮೆಮೊರಿ ಚಿಪ್ ಸುಡ್ತಾವ.

ವಿಡಿಯೋ ಹಿಡಿಯೋದು 50 ಫ್ರೇಮಿಗೆ. 30ಕ್ಕ ಹಿಡಿದ್ರ ಸೆಕೆಂಡಿಗೆ 20 ಫ್ರೇಮ್ ಕಾಣೋದ ಇಲ್ಲ, 25 ಹರ್ಟ್ಜಿನ ಡೆಮೊಗೂ 50 ಹರ್ಟ್ಜಿನದಕ್ಕೂ ಫರಕ್ ಗೊತ್ತಾಗೂದಿಲ್ಲ. ಅಂಥಾ ವಿಡಿಯೋ ಬಂದ್ರ ನಮೂದಿನ ಮುಂದ ‘ಪರೀಕ್ಷೆ ಬಾಕಿ’ ಅಂತ ಬರೆದು ಡಿಸ್ಕ್ ಫೈಲ್ ಕೇಳ್ರಿ.