ಹದಿನಾಲ್ಕು ಜನರ ಗೆಲುವು

ಕೇಳುಗರೇ, ನಮಸ್ಕಾರ.

2023ರ ಸೆಪ್ಟೆಂಬರ್ 9. ಫ್ರಾನ್ಸಿನ ಮಾರ್ಸೇ ಊರಿನಲ್ಲಿ ರಗ್ಬಿ ವಿಶ್ವಕಪ್ಪಿನ ಪಂದ್ಯ. ಇಂಗ್ಲೆಂಡ್ ಒಂದು ಕಡೆ, ಅರ್ಜೆಂಟೀನಾ ಇನ್ನೊಂದು ಕಡೆ. ನಮ್ಮಲ್ಲಿ ಆಗ ನಡುರಾತ್ರಿ ಹನ್ನೆರಡೂವರೆ. ಆಟ ಶುರುವಾಗಿ ಮೂರೇ ನಿಮಿಷ ಆಗಿತ್ತು. ಎದುರಾಳಿಯನ್ನು ಹಿಡಿಯಲು ಹೋದ ಇಂಗ್ಲೆಂಡಿನ ಟಾಮ್ ಕರಿಯ ತಲೆ ಅವನ ತಲೆಗೆ ಬಡಿಯಿತು. ಮೊದಲು ಹಳದಿ ಕಾರ್ಡು ಬಂತು, ಸ್ವಲ್ಪ ಹೊತ್ತಿಗೆ ಅದೇ ಕೆಂಪಾಯಿತು. 15 ಜನರ ತಂಡ ಇನ್ನು ಕೊನೆಯವರೆಗೂ 14 ಜನರಲ್ಲೇ ಆಡಬೇಕು.

ಈ ವಿಶ್ವಕಪ್ಪಿಗೆ ಬರುವ ಹೊತ್ತಿಗಾಗಲೇ ಇಂಗ್ಲೆಂಡ್ ಸೋತು ಸುಣ್ಣವಾಗಿತ್ತು. ಹಿಂದಿನ 6 ಪಂದ್ಯಗಳಲ್ಲಿ 5 ಸೋಲು. ಅದರಲ್ಲೂ ತಮ್ಮ ಮನೆಯಂಗಳ ಟ್ವಿಕನ್‌ಹ್ಯಾಮ್‌ನಲ್ಲೇ ಫಿಜಿಗೆ 22-30ರಿಂದ ಸೋತಿದ್ದರು. ಫಿಜಿಗೆ ಅವರು ಸೋತದ್ದು ಅದೇ ಮೊದಲು. ನಾಯಕ ಓವನ್ ಫ್ಯಾರೆಲ್ ಬೇರೆ ನಿಷೇಧದಲ್ಲಿದ್ದ.

ಅವನ ಜಾಗದಲ್ಲಿ ಆಡಿದವನು ಜಾರ್ಜ್ ಫೋರ್ಡ್. ಅವನು ಮಾಡಿದ್ದನ್ನು ನಿಧಾನವಾಗಿ ಹೇಳಬೇಕು. ರಗ್ಬಿಯಲ್ಲಿ ಡ್ರಾಪ್ ಗೋಲ್ ಅಂತ ಒಂದಿದೆ. ಓಡಾಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಡಬೇಕು. ಅದು ಪುಟಿದ ಕ್ಷಣದಲ್ಲೇ ಒದ್ದು, ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ದಾಟಿಸಬೇಕು. ದಾಟಿದರೆ 3 ಅಂಕ. ಮೊಟ್ಟೆಯಾಕಾರದ ಚೆಂಡು ಹೇಗೆ ಪುಟಿಯುತ್ತದೋ ಯಾರಿಗೆ ಗೊತ್ತು? ಎದುರಿನವರು ಮೈಮೇಲೇ ಬರುತ್ತಿರುತ್ತಾರೆ. ಫೋರ್ಡ್ ಅಂಥದ್ದನ್ನು ಹತ್ತೇ ನಿಮಿಷದ ಅಂತರದಲ್ಲಿ ಮೂರು ಸಲ ಹೊಡೆದ! ಜೊತೆಗೆ 6 ಪೆನಾಲ್ಟಿ, ಅಂದರೆ ಎದುರಾಳಿ ತಪ್ಪು ಮಾಡಿದಾಗ ಸಿಗುವ ಒದೆತ; ಅದಕ್ಕೂ 3 ಅಂಕ. ಇಂಗ್ಲೆಂಡ್ 27-10ರಿಂದ ಗೆದ್ದಿತು. ಆ 27 ಅಂಕವೂ ಅವನೊಬ್ಬನದೇ.

ನನಗೆ ಆ ರಾತ್ರಿ ನಿಜಕ್ಕೂ ತುಂಬಾ ಖುಷಿಯಾಯಿತು. ಒಬ್ಬ ಕಡಿಮೆ ಇದ್ದಾಗ ಉಳಿದವರು ಒಬ್ಬರಿಗೊಬ್ಬರು ಹೆಗಲು ಕೊಟ್ಟ ರೀತಿ ಮರೆಯುವಂಥದ್ದಲ್ಲ.

ಆದರೂ ಒಂದು ಸಂಶಯ ಉಳಿಯಿತು. ಚೆಂಡು ಹಿಡಿದು ಎದುರಾಳಿಯ ಗೆರೆ ದಾಟಿ ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಅಂಕ. ರಗ್ಬಿಯ ಜೀವವೇ ಅದು. ಇಂಗ್ಲೆಂಡಿಗೆ ಅವತ್ತು ಒಂದೂ ಟ್ರೈ ಬರಲಿಲ್ಲ. 14 ಜನ ಇದ್ದಾಗ ಒದೆತವನ್ನೇ ನಂಬುವುದು ಜಾಣತನ, ಒಪ್ಪೋಣ. ಆದರೆ ಕೋಚ್ ಸ್ಟೀವ್ ಬಾರ್ತ್‌ವಿಕ್ ಅವರ ತಂಡ 15 ಜನ ಇದ್ದಾಗಲೂ ಜಾಸ್ತಿ ಒದೆಯುತ್ತಲೇ ಇತ್ತು ಅಲ್ವಾ? ಮುಂದಿನ ವಾರ ನೀಸ್‌ನಲ್ಲಿ ಜಪಾನನ್ನು 34-12ರಿಂದ ಸೋಲಿಸಿದಾಗಲೂ, ಆ ಒದೆತ ನೋಡಿ ಪ್ರೇಕ್ಷಕರು ಕೂಗಿ ಬೇಸರ ತೋರಿಸಿದರು.

ಅಕ್ಟೋಬರ್ 21ರ ಸೆಮಿಫೈನಲ್‌ನಲ್ಲಿ ಅದೇ ತಂತ್ರ ದಕ್ಷಿಣ ಆಫ್ರಿಕಾವನ್ನು ಕಂಗೆಡಿಸಿತು. ಮಳೆಯಲ್ಲಿ ಇಂಗ್ಲೆಂಡ್ 15-6ರಿಂದ ಮುಂದಿತ್ತು. ಎಲ್ಲವೂ ಒದ್ದು ಗಳಿಸಿದ ಅಂಕಗಳೇ. ಆಮೇಲೆ ದಕ್ಷಿಣ ಆಫ್ರಿಕಾ ಒಂದೇ ಒಂದು ಟ್ರೈ ಗಳಿಸಿತು, ಟ್ರೈ ಆದಮೇಲೆ ಸಿಗುವ ಒದೆತದ 2 ಅಂಕವೂ ಅದಕ್ಕೆ ಸೇರಿತು. ಕೊನೆಯ ನಿಮಿಷಗಳಲ್ಲಿ ಹಾಂಡ್ರೆ ಪೊಲಾರ್ಡ್ ದೂರದಿಂದ ಒಂದು ಪೆನಾಲ್ಟಿ ಹೊಡೆದ. 15-16. ಒಂದೇ ಅಂಕದಲ್ಲಿ ಫೈನಲ್ ಕೈತಪ್ಪಿತು. ಒಂದೇ ಒಂದು ಟ್ರೈ ಬಂದಿದ್ದರೆ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಆರು ದಿನದ ನಂತರ ಮೂರನೇ ಸ್ಥಾನಕ್ಕಾಗಿ ಮತ್ತೆ ಎದುರಾದದ್ದು ಅದೇ ಅರ್ಜೆಂಟೀನಾ. ಈ ಸಲ ಇಂಗ್ಲೆಂಡಿನ ಬೆನ್ ಅರ್ಲ್ ಮತ್ತು ಥಿಯೋ ಡ್ಯಾನ್ ಇಬ್ಬರೂ ಟ್ರೈ ಗಳಿಸಿದರು. ಗೆದ್ದದ್ದು 26-23ರಿಂದ. ಟ್ರೈ ಇಲ್ಲದೆ, 14 ಜನರಲ್ಲಿ, ಅದೇ ತಂಡವನ್ನು ಅವರು 17 ಅಂಕಗಳಿಂದ ಸೋಲಿಸಿದ್ದರು.

ನಮಸ್ಕಾರ.