ಸ್ಟೂಲ್ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ದಯವಿಟ್ಟು ಮುಂದೆ ಬಂದು ಕೂತ್ಕೊಳ್ಳಿ, ಕುರ್ಚಿ ಖಾಲಿ ಇವೆ. ನನ್ನ ಮಾತೂ ಕೂರೋದರ ಬಗ್ಗೆನೇ.

ಇವತ್ತು ಆಗಸ್ಟ್ 19, ವಿಶ್ವ ಛಾಯಾಗ್ರಹಣ ದಿನ. ನಮ್ಮ ಬಳ್ಳಾರಿಯಲ್ಲಿ ಅಂಗಡಿ ಫೋಟೊ ಅಂದ್ರೆ ದೀಪಾವಳಿ ಲಕ್ಷ್ಮೀ ಪೂಜೆ ದಿನ ತೆಗೆಸಿದ್ದು, ಅಲ್ವಾ? ನಮ್ಮ ಮನೆಯಲ್ಲೂ ಅಂಥದ್ದೊಂದಿದೆ. ಅಪ್ಪ ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ 31 ವರ್ಷ ಸೀರೆ ತೋರಿಸಿದವರು. ಫೋಟೊದ ನಡುವೆ ಸಾವ್ಕಾರ್ರು, ಅವರ ಮಕ್ಕಳು, ಬಾಳೆಕಂಬ, ಹೊಸ ಲೆಕ್ಕದ ಪುಸ್ತಕ. ಹಿಂದಿನ ಕಪಾಟು ಚೆನ್ನಾಗಿ ಕಾಣಲ್ಲ, ಜರಿ ಸೀರೆ ಅಡ್ಡ ಹಿಡೀರಿ ಅಂದನಂತೆ ಫೋಟೊದವನು. ಒಂದು ತುದಿ ಮೊಳೆಗೆ ಕಟ್ಟಿದರು. ಇನ್ನೊಂದು ತುದಿ ಹಿಡಿದದ್ದು ಅಪ್ಪ. ಎಡಗಡೆ, ಸೀರೆಯಂಚಿನ ಮೇಲೆ ನಾಲ್ಕು ಬೆರಳು ಕಾಣುತ್ತವೆ. ಒಂದರಲ್ಲಿ ಬೆಳ್ಳಿ ಉಂಗುರ. ಮನೆಗೆ ಯಾರೇ ಬಂದರೂ ಅವ್ವ ಫೋಟೊ ಇಳಿಸಿ, "ಇವರೇ ನೋಡ್ರಿ ನಮ್ಮವರು" ಅಂತ ಆ ಉಂಗುರ ತೋರಿಸುತ್ತಿದ್ದಳು.

ಅಪ್ಪ ಕೆಲಸಕ್ಕೆ ಸೇರಿದಾಗ ಅಂಗಡಿಯಲ್ಲಿ ಗಾದಿ ಇತ್ತು. ತೋರಿಸೋರೂ ಕೂರೋರು, ಕೊಳ್ಳೋರೂ ಕೂರೋರು. ಈಸ್ಟ್ ಇಂಡಿಯಾ ಕಂಪನಿ ಕಾಲದ ಚಿತ್ರಗಳಲ್ಲೂ ಬಟ್ಟೆ ವ್ಯಾಪಾರಿ ಕೂತೇ ಇರುತ್ತಾನೆ. ಆಮೇಲೆ ಕೌಂಟರ್ ಬಂತು. ಗಿರಾಕಿಗೆ ಕುರ್ಚಿ ಬಂತು. ಅಪ್ಪ ನಿಂತರು. ರಾತ್ರಿ ಅವರ ಕಾಲು ಒತ್ತುವ ಪಾಳಿ ನಂದು. ಅದಕ್ಕೇ ಯಾವ ಅಂಗಡಿ ಚಿತ್ರ ಸಿಕ್ಕರೂ ನಾನು ಮೊದಲು ಸ್ಟೂಲ್ ಹುಡುಕುತ್ತೇನೆ.

ಟಿಸ್ಸೊ ಅನ್ನೋ ಫ್ರೆಂಚ್ ಕಲಾವಿದ 1883ರಿಂದ 85ರ ನಡುವೆ ಪ್ಯಾರಿಸ್ಸಿನ ಅಂಗಡಿ ಹುಡುಗಿಯನ್ನು ಬರೆದ. ಈಗ ಆ ಚಿತ್ರ ಟೊರಾಂಟೊದಲ್ಲಿದೆ. ಕಪ್ಪು ಉಡುಪು, ಕೈಯಲ್ಲಿ ಕಟ್ಟಿದ ಪೊಟ್ಟಣ. ಬಾಗಿಲು ತೆರೆದು ಹಿಡಿದಿದ್ದಾಳೆ. ಅಂದ್ರೆ ನೋಡ್ತಾ ಇರೋ ನಾವೇ ಗಿರಾಕಿ! ಹಿಂದೆ ಇನ್ನೊಬ್ಬಳು ಮೇಲಕ್ಕೆ ಕೈ ಚಾಚಿದ್ದಾಳೆ. ಗಾಜಿನಾಚೆ ಒಬ್ಬ ಗಂಡಸು ಅವಳನ್ನೇ ದಿಟ್ಟಿಸುತ್ತಿದ್ದಾನೆ. ಮೇಜಿನ ಮೇಲೆ ಗುಲಾಬಿ ರಿಬ್ಬನ್ನಿನ ರಾಶಿ, ನೆಲದ ಮೇಲೂ ಒಂದಿಷ್ಟು ಬಿದ್ದಿದೆ. ಎಷ್ಟು ಸೊಗಸಾಗಿ ಬರೆದಿದ್ದಾನೆ! ಆದರೆ ಆ ಇಬ್ಬರಲ್ಲಿ ಒಬ್ಬಳೂ ಕೂತಿಲ್ಲ.

ಇನ್ನೊಬ್ಬ ಫ್ರೆಂಚ್ ಕಲಾವಿದ ಮಾನೆ 1882ರಲ್ಲಿ ಬರೆದ ಬಾರ್ ಹುಡುಗಿಯೂ ನಿಂತೇ ಇದ್ದಾಳೆ. ಅವಳು ನಿಜವಾಗಿ ಅಲ್ಲೇ ಕೆಲಸ ಮಾಡುತ್ತಿದ್ದವಳು, ಹೆಸರು ಸುಜೊನ್. ಅಮೃತಶಿಲೆಯ ಕಟ್ಟೆಗೆ ಎರಡೂ ಕೈ ಊರಿದ್ದಾಳೆ. ಆ ಕಣ್ಣು ನೋಡಿ. ಅಂಗಡಿ ಮುಚ್ಚಿ ಮನೆಗೆ ಬಂದ ಅಪ್ಪನ ಕಣ್ಣೂ ಹಾಗೇ ಇರುತ್ತಿತ್ತು.

ಚೀಟಿ ಬಂತು, ಐದೇ ನಿಮಿಷ ಅಂತೆ. ಬೇರೆ ಚಿತ್ರಗಳ ಮಾತು ಬಿಡ್ತೀನಿ. ಸ್ಟೂಲ್ ಮಾತು ಮಾತ್ರ ಬಿಡಲ್ಲ. ಇಂಗ್ಲೆಂಡಿನಲ್ಲಿ 1899ರಲ್ಲೇ ಕಾನೂನು ಬಂತು: ಮೂವರು ಹೆಣ್ಣು ಕೆಲಸಗಾರರಿಗೆ ಕನಿಷ್ಠ ಒಂದು ಆಸನ. ಮೂವರಿಗೆ ಒಂದು! ಗಂಡಸರಿಗೆ ಅದೂ ಇಲ್ಲ. ನಮ್ಮ ಪಕ್ಕದ ಕೇರಳದಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿದರು. 2018ರಲ್ಲಿ ಕೂರುವ ಹಕ್ಕು ಪಡೆದರು. 2021ರಲ್ಲಿ ತಮಿಳುನಾಡೂ ಕಾನೂನು ಮಾಡಿತು.

ಸಭೆಯಲ್ಲಿ ಫೋಟೊಗ್ರಾಫರುಗಳು ಜಾಸ್ತಿ ಇದ್ದೀರಿ. ಈ ದೀಪಾವಳಿಗೆ ಅಂಗಡಿ ಫೋಟೊ ತೆಗೆಯುವಾಗ ಸೀರೆ ಹಿಡಿದವರನ್ನೂ ಮುಂದೆ ಕರೀರಿ. ಕೂರಿಸಿ. ಹಿಂದುಗಡೆ ಅವರ ಹೆಸರು ಬರೀರಿ.

ಅಪ್ಪನ ಫೋಟೊ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಹೋಗುವಾಗ ಎಡಗಡೆ ನೋಡಿ.